ದ್ವಿತೀಯ ಭಾಷೆಯ ತರಗತಿಯಲ್ಲಿ ವೆಬ್‌ಕ್ವೆಸ್ಟ್: ಯೋಜನೆಯಿಂದ ಮೌಲ್ಯಮಾಪನದವರೆಗೆ

"ಈ ವಿಷಯದ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿ ಒಂದು ಪುಟ ಬರೆದುಕೊಂಡು ಬನ್ನಿ" ಎಂದು ಹೇಳಿ ಕಳುಹಿಸಿದರೆ ಬಹುತೇಕ ವಿದ್ಯಾರ್ಥಿಗಳು ಏನು ಮಾಡುತ್ತಾರೆ ಎಂಬುದು ಭಾಷಾ ಶಿಕ್ಷಕರೆಲ್ಲರಿಗೂ ಗೊತ್ತು. ಮೊದಲು ಸಿಕ್ಕ ಪುಟವನ್ನು ತೆರೆದು, ಅದರಿಂದ ಎರಡು ಪ್ಯಾರಾ ನಕಲು ಮಾಡಿ, ಮೇಲೊಂದು ತಲೆಬರಹ ಹಾಕಿ ತರುತ್ತಾರೆ. ಮನೆಮಾತಿನಲ್ಲಾದರೆ ನಕಲು ಮಾಡುವಾಗ ಒಮ್ಮೆ ಓದಿದಂತಾದರೂ ಆಗುತ್ತದೆ. ಇನ್ನೂ ಕಲಿಯುತ್ತಿರುವ ಭಾಷೆಯಲ್ಲಿ ಅದೂ ಆಗುವುದಿಲ್ಲ. ಅರ್ಥವಾಗದ ವಾಕ್ಯಗಳು ಅರ್ಥವಾಗದೆಯೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಹೋಗುತ್ತವೆ. ಇದರ ಹೊಣೆ ವಿದ್ಯಾರ್ಥಿಯದಲ್ಲ, ಕೊಟ್ಟ ಕೆಲಸದ್ದು.

ವೆಬ್‌ಕ್ವೆಸ್ಟ್ ಎಂಬ ಬೋಧನಾ ವಿಧಾನ ಈ ತೊಂದರೆಯನ್ನು ಬುಡದಿಂದಲೇ ನಿಭಾಯಿಸುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಶಿಕ್ಷಣ ತಂತ್ರಜ್ಞಾನದ ಪ್ರಾಧ್ಯಾಪಕರಾಗಿದ್ದ ಬರ್ನಿ ಡಾಡ್ಜ್ ಅವರು ಟಾಮ್ ಮಾರ್ಚ್ ಅವರ ಜೊತೆಗೂಡಿ 1995ರಲ್ಲಿ ಇದನ್ನು ರೂಪಿಸಿದರು. ವಿದ್ಯಾರ್ಥಿಗಳು ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತಾರೆ; ಅದಕ್ಕೆ ಬೇಕಾದ ಮಾಹಿತಿಯ ಹೆಚ್ಚಿನ ಪಾಲು ಅಂತರ್ಜಾಲದಿಂದ ಬರುತ್ತದೆ; ಆದರೆ ಯಾವ ಪುಟಗಳನ್ನು ನೋಡಬೇಕು ಎಂಬುದನ್ನು ಶಿಕ್ಷಕರು ಮೊದಲೇ ಆರಿಸಿಟ್ಟಿರುತ್ತಾರೆ. ಹುಡುಕುವುದಕ್ಕೆ ಹೋಗಬಹುದಾದ ಹೊತ್ತು ಓದುವುದಕ್ಕೆ, ಯೋಚಿಸುವುದಕ್ಕೆ, ಮಾತನಾಡುವುದಕ್ಕೆ ಉಳಿಯುತ್ತದೆ. ಪೀಠಿಕೆ, ಕಾರ್ಯ, ಪ್ರಕ್ರಿಯೆ, ಆಕರಗಳು, ಮೌಲ್ಯಮಾಪನ, ಸಮಾರೋಪ ಎಂಬ ಆರು ಭಾಗಗಳು ಇದರಲ್ಲಿರುತ್ತವೆ. ಆಕರಗಳನ್ನು ಪ್ರಕ್ರಿಯೆಯೊಳಗೇ ಸೇರಿಸುವುದೂ ಉಂಟು. ಒಂದರಿಂದ ಮೂರು ಅವಧಿಗಳಲ್ಲಿ ಮುಗಿಯುವ ಕಿರು ವೆಬ್‌ಕ್ವೆಸ್ಟ್, ಒಂದು ವಾರದಿಂದ ಒಂದು ತಿಂಗಳವರೆಗೆ ನಡೆಯುವ ದೀರ್ಘ ವೆಬ್‌ಕ್ವೆಸ್ಟ್ ಎಂದು ಡಾಡ್ಜ್ ಎರಡು ಬಗೆ ಮಾಡಿದ್ದಾರೆ.

ಈ ವಿಧಾನ ಹುಟ್ಟಿದ್ದು ಭಾಷಾ ಬೋಧನೆಗೆಂದಲ್ಲ, ಯಾವುದೇ ವಿಷಯದ ಬೋಧನೆಗೆ. ವಿಜ್ಞಾನದ ಅಥವಾ ಇತಿಹಾಸದ ತರಗತಿಯಲ್ಲಿ ವಿದ್ಯಾರ್ಥಿ ಸರಿಯಾದ ತೀರ್ಮಾನಕ್ಕೆ ಬಂದರೆ ಗುರಿ ಮುಟ್ಟಿದಂತೆ. ಭಾಷೆಯ ತರಗತಿಯಲ್ಲಿ ಆ ತೀರ್ಮಾನಕ್ಕೆ ಯಾವ ಭಾಷೆಯಲ್ಲಿ, ಯಾರ ಜೊತೆ ಮಾತನಾಡುತ್ತ ಬಂದ ಎಂಬುದೇ ಮುಖ್ಯ. ಆದ್ದರಿಂದ ಸಿದ್ಧ ವೆಬ್‌ಕ್ವೆಸ್ಟ್ ಒಂದನ್ನು ಹಾಗೆಯೇ ತಂದು ನಡೆಸಿದರೆ ಸಾಲದು; ಪ್ರತಿ ಹಂತದಲ್ಲೂ ಭಾಷೆ ಬಳಸದೆ ಮುಂದೆ ಹೋಗಲಾಗದಂತೆ ಅದನ್ನು ಕಟ್ಟಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ಬೇಡಿಕೆಯಿಂದಲೇ ಹುಟ್ಟಿವೆ. ವಿದ್ಯಾರ್ಥಿ ಪುಟವನ್ನು ಓದುವ ಕ್ರಮವೇ ಶಿಕ್ಷಕರು ಅದನ್ನು ತಯಾರಿಸುವ ಕ್ರಮವಲ್ಲ ಎಂಬುದನ್ನೂ ಗಮನಿಸಿ. ಪೀಠಿಕೆಯನ್ನು ಕೊನೆಗೆ ಬರೆಯುವುದು ಒಳ್ಳೆಯದು.

ಮೊದಲ ಹೆಜ್ಜೆ: ವಿಷಯಕ್ಕಿಂತ ಮುಂಚೆ ಭಾಷೆಯನ್ನು ನಿರ್ಧರಿಸಿ

ಸಾಮಾನ್ಯವಾಗಿ ಶಿಕ್ಷಕರು ಆಕರ್ಷಕ ವಿಷಯವೊಂದನ್ನು ಹಿಡಿದು ಆರಂಭಿಸುತ್ತಾರೆ. ಅದಕ್ಕೆ ಬದಲಾಗಿ, ಈ ಯೋಜನೆ ಮುಗಿಯುವ ಹೊತ್ತಿಗೆ ವಿದ್ಯಾರ್ಥಿ ಕಲಿಯುತ್ತಿರುವ ಭಾಷೆಯಲ್ಲಿ ಹೊಸದಾಗಿ ಏನು ಮಾಡಬಲ್ಲವನಾಗಬೇಕು ಎಂದು ಒಂದು ವಾಕ್ಯ ಬರೆದುಕೊಳ್ಳಿ. "ಎರಡು ಆಯ್ಕೆಗಳನ್ನು ಹೋಲಿಸಿ ಹೇಳುವುದು", "ಬೇರೆಯವರ ಮಾತನ್ನು ಆಧಾರ ಸಹಿತ ವರದಿ ಮಾಡುವುದು", "ಗೌರವ ಬಿಡದೆ ಭಿನ್ನಾಭಿಪ್ರಾಯ ತಿಳಿಸುವುದು" ಇಂಥವು ಒಳ್ಳೆಯ ಗುರಿಗಳು. "ಭಾಷಾ ಕೌಶಲ ಹೆಚ್ಚುವುದು" ಎಂಬುದು ಗುರಿಯಲ್ಲ, ಹಾರೈಕೆ.

ಮಟ್ಟವನ್ನೂ ಇಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಭಾಷಾ ಸಾಮರ್ಥ್ಯವನ್ನು ಗುರುತಿಸುವ ಯುರೋಪಿನ ಸಾಮಾನ್ಯ ಭಾಷಾ ಚೌಕಟ್ಟು 2001ರಲ್ಲಿ ಪ್ರಕಟವಾದಂದಿನಿಂದ, ಆರಂಭದ ಎ1ರಿಂದ ಅತಿ ಮೇಲಿನ ಸಿ2ವರೆಗಿನ (ಎ1, ಎ2, ಬಿ1, ಬಿ2, ಸಿ1, ಸಿ2) ಆರು ಮಟ್ಟಗಳು ಬಹಳ ಕಡೆ ಬಳಕೆಯಲ್ಲಿವೆ. ಬಿ1 ಮಟ್ಟ ತಲುಪಿದವರಿಗೆ ಸರಳ ಲೇಖನಗಳನ್ನು ಕೊಡಬಹುದು. ಎ2 ಮಟ್ಟದವರಿಗೆ ಉದ್ದದ ಗದ್ಯ ಬೇಡ. ವೇಳಾಪಟ್ಟಿ, ನಕ್ಷೆ, ಚಿತ್ರಸಹಿತ ವಿವರ, ಕೋಷ್ಟಕ ಇಂಥ ಪುಟಗಳು ಸಾಕು. ಅದಕ್ಕಿಂತ ಕೆಳಗಿನವರಿಗೆ, ನನ್ನ ಅಭಿಪ್ರಾಯದಲ್ಲಿ, ವೆಬ್‌ಕ್ವೆಸ್ಟ್ ಬೇಡವೇ ಬೇಡ. ಅಕ್ಷರ ಕೂಡಿಸಿ ಓದುವ ಹಂತದಲ್ಲಿರುವವರನ್ನು ತೆರೆದ ಅಂತರ್ಜಾಲದ ಮುಂದೆ ಕೂರಿಸಿದರೆ ಅವರಿಗೆ ತಮ್ಮ ಅಸಹಾಯಕತೆಯ ಅರಿವೊಂದು ಬಿಟ್ಟು ಬೇರೇನೂ ಸಿಗದು.

ಎರಡನೆಯ ಹೆಜ್ಜೆ: ನಕಲಿಗೆ ಸಿಗದ ಕಾರ್ಯವನ್ನು ರೂಪಿಸಿ

ವೆಬ್‌ಕ್ವೆಸ್ಟಿನ ಯಶಸ್ಸು, ವೈಫಲ್ಯ ಎರಡೂ ತೀರ್ಮಾನವಾಗುವುದು ಇಲ್ಲಿಯೇ. ಪುಟದ ವಿನ್ಯಾಸ ಸಾಧಾರಣವಾಗಿದ್ದರೂ ಕಾರ್ಯ ಗಟ್ಟಿಯಾಗಿದ್ದರೆ ತರಗತಿ ಮಾತಿನಿಂದ ತುಂಬುತ್ತದೆ. ಕಾರ್ಯ ಸಪ್ಪೆಯಾಗಿದ್ದರೆ ಎಷ್ಟು ಚೆಂದದ ಪುಟವೂ ಅದನ್ನು ಉಳಿಸಲಾರದು.

ಕಾರ್ಯಗಳಲ್ಲಿ ಹನ್ನೆರಡು ಬಗೆಗಳಿವೆ ಎಂದು ಡಾಡ್ಜ್ ವಿಂಗಡಿಸಿದ್ದಾರೆ. ಓದಿದ್ದನ್ನು ಮರಳಿ ಹೇಳುವುದು ಅವುಗಳಲ್ಲಿ ತೀರ ಕೆಳಗಿನದು. ಮಾಹಿತಿ ಸಂಕಲನ, ಪತ್ರಿಕಾ ವರದಿ, ವಿನ್ಯಾಸ, ರಹಸ್ಯ ಬಿಡಿಸುವುದು, ಮನವೊಲಿಸುವುದು, ಒಮ್ಮತಕ್ಕೆ ಬರುವುದು, ತೀರ್ಪು ಕೊಡುವುದು ಮುಂತಾದವು ಉಳಿದವುಗಳಲ್ಲಿ ಕೆಲವು. ಭಾಷೆಯ ತರಗತಿಗೆ ಒಮ್ಮತ ಮತ್ತು ತೀರ್ಪಿನ ಕಾರ್ಯಗಳು ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತವೆ, ಏಕೆಂದರೆ ಮಾತನಾಡದೆ ಒಮ್ಮತಕ್ಕೆ ಬರುವ ದಾರಿ ಇಲ್ಲ.

ಇಲ್ಲಿ ಎನ್. ಎಸ್. ಪ್ರಭು ಅವರ ವಿಂಗಡಣೆ ಇನ್ನೂ ಹೆಚ್ಚು ನೆರವಿಗೆ ಬರುತ್ತದೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಕಾರ್ಯಾಧಾರಿತ ಭಾಷಾ ಬೋಧನೆಯ ಪ್ರಯೋಗ ನಡೆಸಿದ ಅವರು ತರಗತಿಯ ಚಟುವಟಿಕೆಗಳನ್ನು ಮೂರು ಬಗೆಯ ಅಂತರಗಳ ಮೇಲೆ ವಿಂಗಡಿಸಿದರು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದು ಮಾಹಿತಿಯ ಅಂತರ. ಕೊಟ್ಟ ಮಾಹಿತಿಯಿಂದ ಕೊಡದಿರುವುದನ್ನು ತರ್ಕಿಸಿ ಪಡೆಯುವುದು ತರ್ಕದ ಅಂತರ. ಒಂದೇ ಸನ್ನಿವೇಶಕ್ಕೆ ಬೇರೆ ಬೇರೆ ನಿಲುವುಗಳಿರುವುದು ಅಭಿಪ್ರಾಯದ ಅಂತರ. ಒಳ್ಳೆಯ ವೆಬ್‌ಕ್ವೆಸ್ಟಿನಲ್ಲಿ ಈ ಮೂರೂ ಒಂದರ ಹಿಂದೊಂದು ಬರುತ್ತವೆ: ಬೇರೆ ಬೇರೆ ಪುಟ ಓದಿದವರು ತಮ್ಮ ಮಾಹಿತಿಯನ್ನು ಹಂಚಿಕೊಳ್ಳುತ್ತಾರೆ, ಅವುಗಳನ್ನು ಜೋಡಿಸಿ ತರ್ಕಿಸುತ್ತಾರೆ, ಕೊನೆಗೆ ಒಂದು ನಿಲುವು ತಳೆಯುತ್ತಾರೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಜೊತೆಯಲ್ಲಿಟ್ಟುಕೊಳ್ಳೋಣ. ಹದಿನಾಲ್ಕು ಹದಿನೈದು ವರ್ಷದ ವಿದ್ಯಾರ್ಥಿಗಳಿಗೆ "ನಿದ್ರೆಯ ಬಗ್ಗೆ ಮಾಹಿತಿ ಸಂಗ್ರಹಿಸಿ" ಎಂದರೆ ಅದು ನಕಲಿಗೆ ಕೊಟ್ಟ ಆಹ್ವಾನ. ಅದೇ ವಿಷಯವನ್ನು ಹೀಗೆ ತಿರುಗಿಸಬಹುದು: "ಪ್ರೌಢಶಾಲೆ ಬೆಳಗ್ಗೆ ಎಷ್ಟು ಗಂಟೆಗೆ ಆರಂಭವಾಗಬೇಕು? ನಾಲ್ಕು ಜನರ ಸಮಿತಿಯಾಗಿ ಚರ್ಚಿಸಿ, ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಶಿಫಾರಸು ಪತ್ರ ಬರೆಯಿರಿ. ನಿಮ್ಮ ಶಿಫಾರಸಿಗೆ ಬರಬಹುದಾದ ಒಂದು ಆಕ್ಷೇಪಣೆಗೆ ಪತ್ರದಲ್ಲಿಯೇ ಉತ್ತರವಿರಬೇಕು."

ಇದು ನಿಜವಾಗಿಯೂ ಚರ್ಚೆಯಲ್ಲಿರುವ ಪ್ರಶ್ನೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2014ರಲ್ಲಿ ಹದಿಹರೆಯದವರ ಶಾಲೆಗಳು ಬೆಳಗ್ಗೆ 8.30ಕ್ಕಿಂತ ಮುಂಚೆ ಆರಂಭವಾಗಬಾರದು ಎಂದು ಶಿಫಾರಸು ಮಾಡಿತು. ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ಮಾಡಿ 2022ರಿಂದ ಜಾರಿಗೆ ತಂದಿತು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ನಿದ್ರಾ ವೈದ್ಯರ ಸಲಹೆ. ಹದಿಹರೆಯದಲ್ಲಿ ನಿದ್ರೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವ ವೇಳೆ ಮುಂದಕ್ಕೆ ಹೋಗುವುದರಿಂದ ಅವರಿಗೆ ರಾತ್ರಿ ಬೇಗ ನಿದ್ರೆ ಹತ್ತುವುದಿಲ್ಲ. ಆದರೆ ಶಾಲೆ ತಡವಾದರೆ ವಾಹನಗಳ ಓಡಾಟ, ಪೋಷಕರ ಕೆಲಸದ ವೇಳೆ, ಸಂಜೆಯ ಆಟ ಎಲ್ಲವೂ ಏರುಪೇರಾಗುತ್ತವೆ. ಎರಡೂ ಕಡೆ ಹೇಳುವುದಕ್ಕೆ ಮಾತಿದೆ. ವಿದ್ಯಾರ್ಥಿಗಳಿಗೆ ಸ್ವಂತ ಅನುಭವವೂ ಇದೆ.

ಕಾರ್ಯ ಬರೆದಾದ ಮೇಲೆ ಅದನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ. ಯಾವುದಾದರೂ ಒಂದೇ ಪುಟದಿಂದ ಇದಕ್ಕೆ ಪೂರ್ತಿ ಉತ್ತರ ಸಿಗುತ್ತದೆಯೆ? ಒಬ್ಬ ಜಾಣ ವಿದ್ಯಾರ್ಥಿ ಯಾರ ಜೊತೆಗೂ ಮಾತನಾಡದೆ ಇದನ್ನು ಮುಗಿಸಬಲ್ಲನೆ? ಹತ್ತು ಗುಂಪುಗಳಿಂದಲೂ ಒಂದೇ ಉತ್ತರ ಬರುತ್ತದೆಯೆ? ಒಂದಕ್ಕಾದರೂ "ಹೌದು" ಎಂದಾದರೆ ಕಾರ್ಯವನ್ನು ಮತ್ತೆ ಬರೆಯಬೇಕು.

ಮೂರನೆಯ ಹೆಜ್ಜೆ: ಪಾತ್ರಗಳನ್ನು ಹಂಚಿ

ಪಾಠವನ್ನು ತುಂಡುಗಳಾಗಿ ಹಂಚಿ, ಪ್ರತಿಯೊಬ್ಬರೂ ತಮ್ಮ ತುಂಡನ್ನು ಗುಂಪಿನ ಉಳಿದವರಿಗೆ ತಿಳಿಸುವ ಜಿಗ್‌ಸಾ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಅವರು 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ಆರಂಭಿಸಿದ್ದು ಬೇರೆ ಬೇರೆ ಸಮುದಾಯಗಳ ಮಕ್ಕಳ ನಡುವಿನ ವೈಮನಸ್ಯ ಕಡಿಮೆ ಮಾಡುವುದಕ್ಕೆ. ಭಾಷಾ ಶಿಕ್ಷಕರಿಗೆ ಅದು ಬೇರೊಂದು ಕಾರಣಕ್ಕೆ ಬೆಲೆಬಾಳುತ್ತದೆ: ಪ್ರತಿಯೊಬ್ಬರ ಬಳಿಯೂ ಉಳಿದವರಿಗೆ ಬೇಕಾದ, ಆದರೆ ಅವರ ಬಳಿ ಇಲ್ಲದ ಮಾಹಿತಿ ಇರುವುದರಿಂದ ಮಾತು ಅಭಿನಯವಾಗಿ ಉಳಿಯದೆ ಅಗತ್ಯವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ನಿದ್ರಾ ತಜ್ಞ, ಸಾರಿಗೆ ವ್ಯವಸ್ಥಾಪಕ, ಪೋಷಕ, ಕ್ರೀಡಾ ಶಿಕ್ಷಕ ಎಂಬ ನಾಲ್ಕು ಪಾತ್ರಗಳಿರಲಿ. ಒಂದೇ ಪಾತ್ರದವರು ಮೊದಲು ಒಟ್ಟಿಗೆ ಕುಳಿತು ಓದುತ್ತಾರೆ. ಆಮೇಲೆ ನಾಲ್ಕು ಪಾತ್ರಗಳಿಂದ ಒಬ್ಬೊಬ್ಬರು ಸೇರಿ ಸಮಿತಿಯಾಗುತ್ತಾರೆ.

ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿ ಪಾತ್ರಕ್ಕೆ ಹತ್ತು ಜನ ಬರುತ್ತಾರೆ. ಹತ್ತು ಜನ ಒಟ್ಟಿಗೆ ಓದಿದರೆ ಇಬ್ಬರು ಓದಿ ಎಂಟು ಜನ ಕೇಳುವಂತಾಗುವುದರಿಂದ ಪ್ರತಿ ಪಾತ್ರವನ್ನೂ ಐದೈದು ಜನರ ಎರಡು ಗುಂಪು ಮಾಡಿ. ಓದಿನಲ್ಲಿ ಹಿಂದಿರುವವರಿಗೆ ಚಿತ್ರ, ಕೋಷ್ಟಕಗಳಿರುವ ಪಾತ್ರ ಕೊಡಬಹುದು. ಆದರೆ ಆ ಪಾತ್ರದ ಮಾಹಿತಿ ಸಮಿತಿಯ ತೀರ್ಮಾನಕ್ಕೆ ಅನಿವಾರ್ಯವಾಗಿರಲೇಬೇಕು. ಸುಲಭದ ಓದು ಎಂದ ಮಾತ್ರಕ್ಕೆ ಅದು ಯಾರಿಗೂ ಬೇಡವಾದ ಮಾಹಿತಿಯಾಗಬಾರದು.

ನಾಲ್ಕನೆಯ ಹೆಜ್ಜೆ: ಆಕರಗಳನ್ನು ಆರಿಸಿ

ಶಿಕ್ಷಕರ ಶ್ರಮದ ದೊಡ್ಡ ಪಾಲು ಇಲ್ಲಿಯೇ ಹೋಗುತ್ತದೆ, ಹೋಗಬೇಕು ಕೂಡ. ಪ್ರತಿ ಪಾತ್ರಕ್ಕೆ ಎರಡು, ಹೆಚ್ಚೆಂದರೆ ಮೂರು ಲಿಂಕ್ ಸಾಕು. ಇಪ್ಪತ್ತು ಲಿಂಕ್ ಕೊಟ್ಟರೆ ವಿದ್ಯಾರ್ಥಿ ಎಲ್ಲವನ್ನೂ ತೆರೆದು ಯಾವುದನ್ನೂ ಓದುವುದಿಲ್ಲ.

ಪುಟ ಎಷ್ಟು ಕಷ್ಟವಿರಬಹುದು? ನೆರವಿಲ್ಲದೆ ಓದಿ ಅರ್ಥಮಾಡಿಕೊಳ್ಳಲು ಪಠ್ಯದ ಸುಮಾರು ಶೇ. 98ರಷ್ಟು ಪದಗಳು ಗೊತ್ತಿರಬೇಕು ಎಂದು ಪಾಲ್ ನೇಷನ್ ಮತ್ತು ಅವರ ಸಹಸಂಶೋಧಕರು 2000ರಲ್ಲಿ ತೋರಿಸಿದ್ದಾರೆ. ಅಂದರೆ ನೂರು ಪದಗಳಲ್ಲಿ ಗೊತ್ತಿಲ್ಲದವು ಎರಡಕ್ಕಿಂತ ಹೆಚ್ಚಿರಬಾರದು. ತೆರೆದ ಅಂತರ್ಜಾಲದಲ್ಲಿ ಇಷ್ಟು ಸುಲಭದ ಪುಟಗಳು ಸಿಗುವುದು ಅಪರೂಪವಾದ್ದರಿಂದ ನೆರವಿನೊಂದಿಗೆ ಓದಿಸುವುದು ಅನಿವಾರ್ಯ. ತರಗತಿಯಲ್ಲಿ ಮಾಡಬಹುದಾದ ಪರೀಕ್ಷೆ ಸರಳವಾಗಿದೆ: ಪುಟದಿಂದ ನೂರು ಪದಗಳ ಭಾಗವೊಂದನ್ನು ಮುದ್ರಿಸಿ, ಮಧ್ಯಮ ಮಟ್ಟದ ಇಬ್ಬರು ಮೂವರು ವಿದ್ಯಾರ್ಥಿಗಳಿಗೆ ಕೊಟ್ಟು, ಗೊತ್ತಿಲ್ಲದ ಪದಗಳ ಕೆಳಗೆ ಗೆರೆ ಹಾಕಲು ಹೇಳಿ. ಒಂದೆರಡು ಗೆರೆ ಬಿದ್ದರೆ ಪುಟ ಹಾಗೆಯೇ ನಡೆಯುತ್ತದೆ. ಐದರವರೆಗೆ ಬಿದ್ದರೆ ಪದಪಟ್ಟಿಯ ಆಸರೆ ಬೇಕು. ಅದಕ್ಕಿಂತ ಹೆಚ್ಚಾದರೆ ಬೇರೆ ಪುಟ ಹುಡುಕುವುದು ಲೇಸು.

ಪುಟವನ್ನು ಸರಳಗೊಳಿಸಿ ಮತ್ತೆ ಬರೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಪಠ್ಯವನ್ನು ಮುಟ್ಟದೆ, ಅದರಿಂದ ಏನನ್ನು ಪಡೆಯಬೇಕು ಎಂಬುದನ್ನು ಸುಲಭ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಕಠಿಣ ಲೇಖನವೊಂದರಿಂದ "ಇದರಲ್ಲಿ ಬರುವ ಮೂರು ಸಂಖ್ಯೆಗಳು ಯಾವುವು, ಅವು ಯಾವುದನ್ನು ಅಳೆಯುತ್ತವೆ?" ಎಂಬುದಷ್ಟನ್ನೇ ಕೇಳಿದರೆ ಎ2 ಮಟ್ಟದವರೂ ಅದನ್ನು ನಿಭಾಯಿಸುತ್ತಾರೆ, ನಿಜವಾದ ಪಠ್ಯವೊಂದನ್ನು ಗೆದ್ದ ಆತ್ಮವಿಶ್ವಾಸವೂ ಅವರಿಗೆ ದಕ್ಕುತ್ತದೆ. ಬರಹದ ಜೊತೆಗೆ ಗ್ರಾಫ್ ಇರುವ ಪುಟ, ಪ್ರಶ್ನೋತ್ತರ ರೂಪದ ಪುಟ, ಅದೇ ಭಾಷೆಯ ಸಬ್‌ಟೈಟಲ್ ಇರುವ ಕಿರು ವಿಡಿಯೊ ಇವೆಲ್ಲ ಒಳ್ಳೆಯ ಆಕರಗಳು. ವಿಡಿಯೊವನ್ನು ನಿಲ್ಲಿಸಿ, ಹಿಂದೆ ಕಳಿಸಿ, ವೇಗ ತಗ್ಗಿಸಿ ಕೇಳಬಹುದೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡಿ. ಕೇಳಿಸಿಕೊಳ್ಳುವ ಅಭ್ಯಾಸಕ್ಕೆ ಇದರಷ್ಟು ದೊಡ್ಡ ಸೌಲಭ್ಯ ಬೇರೆ ಇಲ್ಲ.

ಬಿ2 ಮಟ್ಟದವರಿಗೆ ಬೇಕೆಂದೇ ಒಂದು ದುರ್ಬಲ ಆಕರವನ್ನು ಸೇರಿಸಬಹುದು: ಹಾಸಿಗೆ ಮಾರುವವರು ನಿದ್ರೆಯ ಬಗ್ಗೆ ಬರೆದ ಪುಟ ಎಂದಿಟ್ಟುಕೊಳ್ಳಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ನಡೆಸಿದ ಅಧ್ಯಯನದಲ್ಲಿ ವೃತ್ತಿನಿರತ ಸತ್ಯಶೋಧಕರು ಅಪರಿಚಿತ ತಾಣವನ್ನು ಅದರೊಳಗೇ ಓದುತ್ತ ಕೂರದೆ, ಹೊಸ ಟ್ಯಾಬ್ ತೆರೆದು ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆ ಎಂದು ನೋಡುತ್ತಿದ್ದರು. ಈ ರೂಢಿಯನ್ನು ಭಾಷೆಯ ತರಗತಿಯಲ್ಲೂ ಕಲಿಸಬೇಕು. ಇದರ ಜೊತೆಗೆ ಭಾಷೆಯೇ ಕೊಡುವ ಸುಳಿವುಗಳೂ ಇವೆ: "ಎನ್ನಲಾಗಿದೆ", "ಇರಬಹುದು", "ದೃಢಪಟ್ಟಿದೆ" ಎಂಬ ಮೂರು ಮಾತುಗಳಲ್ಲಿ ಬರೆದವರ ಭರವಸೆ ಮೂರು ಬಗೆಯದು. ಕಲಿಯುತ್ತಿರುವ ಭಾಷೆಯಲ್ಲಿ ಈ ವ್ಯತ್ಯಾಸ ಗುರುತಿಸಬಲ್ಲವನು ಆ ಭಾಷೆಯಲ್ಲಿ ನಿಜವಾಗಿ ಓದತೊಡಗಿದ್ದಾನೆ ಎನ್ನಬಹುದು.

ಆರಿಸಿದ ಲಿಂಕುಗಳನ್ನು ಪಾಠಕ್ಕೆ ಎರಡು ದಿನ ಮುಂಚೆ, ವಿದ್ಯಾರ್ಥಿಗಳು ಬಳಸುವ ಸಾಧನದಲ್ಲಿಯೇ ತೆರೆದು ನೋಡಿ. ಪುಟಗಳು ಹೇಳದೆ ಕೇಳದೆ ಮಾಯವಾಗುತ್ತವೆ. ಶಾಲೆಯ ಜಾಲ ಕೆಲವನ್ನು ತಡೆಹಿಡಿದಿರುತ್ತದೆ. ಕಣ್ಮರೆಯಾದ ಪುಟದ ಹಳೆಯ ಪ್ರತಿ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನಿನಲ್ಲಿ ಸಿಗಬಹುದು. ಜಾಲದ ಭರವಸೆ ಇಲ್ಲದ ಕಡೆ ಪುಟಗಳನ್ನು ಮೊದಲೇ ಪಿಡಿಎಫ್ ಮಾಡಿ ಇಳಿಸಿಕೊಳ್ಳಿ ಅಥವಾ ಮುದ್ರಿಸಿ. ಗುಂಪಿಗೊಂದು ಫೋನ್ ಇದ್ದರೂ ಕೆಲಸ ನಡೆಯುತ್ತದೆ. ಒಂದೇ ಪರದೆಯನ್ನು ಐವರು ನೋಡುವಾಗ ಒಬ್ಬ ಗಟ್ಟಿಯಾಗಿ ಓದುವುದು, ಇನ್ನೊಬ್ಬ ಟಿಪ್ಪಣಿ ಬರೆಯುವುದು, ಮತ್ತೊಬ್ಬ ಪದದ ಅರ್ಥ ನೋಡುವುದು ಹೀಗೆ ಕೆಲಸ ಹಂಚಿಕೊಡಿ.

ಐದನೆಯ ಹೆಜ್ಜೆ: ಪ್ರತಿ ಹಂತಕ್ಕೂ ಆಸರೆ ಕೊಡಿ

ಕಲಿಯುವವರು ಒಬ್ಬರೇ ಮಾಡಲಾರದ್ದನ್ನು ಮಾಡುವಂತೆ ತಾತ್ಕಾಲಿಕವಾಗಿ ಒದಗಿಸುವ ನೆರವನ್ನು ಮನಶ್ಶಾಸ್ತ್ರಜ್ಞರಾದ ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ಕಟ್ಟಡದ ಸಾರುವೆಗೆ ಹೋಲಿಸಿದರು. ಡಾಡ್ಜ್ ಅದನ್ನು ವೆಬ್‌ಕ್ವೆಸ್ಟಿಗೆ ಅನ್ವಯಿಸುವಾಗ ಮೂರು ಬಗೆ ಮಾಡಿದರು: ಮಾಹಿತಿಯನ್ನು ಗ್ರಹಿಸುವುದಕ್ಕೆ, ಅದನ್ನು ಮಾರ್ಪಡಿಸುವುದಕ್ಕೆ, ಹೊಸದನ್ನು ಉತ್ಪಾದಿಸುವುದಕ್ಕೆ. ದ್ವಿತೀಯ ಭಾಷೆಯಲ್ಲಿ ಈ ಮೂರೂ ಬೇಕು, ಮೂರೂ ಬೇರೆ ಬೇರೆ.

ಗ್ರಹಿಕೆಗೆ ಎಂಟು ಹತ್ತು ಪದಗಳ ಪಟ್ಟಿ ಮತ್ತು ಓದುವ ಮುಂಚೆಯೇ ಕೊಟ್ಟ ಎರಡು ಪ್ರಶ್ನೆಗಳು ಸಾಕು. ಪದಪಟ್ಟಿಯಲ್ಲಿ ಕಷ್ಟದ ಪದಗಳನ್ನೆಲ್ಲ ತುಂಬಬೇಡಿ; ಯಾವ ಪದ ಗೊತ್ತಿಲ್ಲದಿದ್ದರೆ ಕಾರ್ಯವೇ ನಿಂತುಹೋಗುತ್ತದೆಯೋ ಅದು ಮಾತ್ರ ಇರಲಿ.

ಮಾರ್ಪಾಡಿನ ಆಸರೆಯೇ ನಕಲನ್ನು ತಡೆಯುವ ಅತಿ ಬಲವಾದ ಉಪಾಯ. ಪ್ರತಿ ವಿದ್ಯಾರ್ಥಿಗೂ ಕೋಷ್ಟಕವಿರುವ ಟಿಪ್ಪಣಿ ಹಾಳೆ ಕೊಡಿ. ಒಂದು ಮನೆಯಲ್ಲಿ ಐದಾರು ಪದಗಳಿಗಿಂತ ಹೆಚ್ಚು ಬರೆಯುವಂತಿಲ್ಲ, ಪೂರ್ಣ ವಾಕ್ಯ ಬರೆಯುವಂತಿಲ್ಲ ಎಂಬ ನಿಯಮ ಮಾಡಿ. ಸಮಿತಿಯ ಸಭೆಗೆ ಈ ಹಾಳೆ ಮಾತ್ರ ಬರಬೇಕು, ಪರದೆ ಮುಚ್ಚಿರಬೇಕು. ಆಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ನಿದ್ರಾ ತಜ್ಞನ ಪಾತ್ರದ ವಿದ್ಯಾರ್ಥಿಯ ಹಾಳೆಯಲ್ಲಿ "ಹದಿಹರೆಯ – 8ರಿಂದ 10 ಗಂಟೆ – ಮೆಲಟೋನಿನ್ ತಡ" ಎಂದಷ್ಟೇ ಇದೆ. ಅವಳು ಅದನ್ನು ನೋಡುತ್ತ, "ನಾನು ಓದಿದ ಪುಟದ ಪ್ರಕಾರ, ನಮ್ಮ ವಯಸ್ಸಿನವರಿಗೆ ಎಂಟು ಗಂಟೆಯಾದರೂ ನಿದ್ರೆ ಬೇಕು" ಎಂದು ತನ್ನದೇ ವಾಕ್ಯ ಕಟ್ಟಬೇಕು. ಎದುರಿಗಿರುವ ಪೋಷಕ ಪಾತ್ರದವನು, "ಹಾಗಾದರೆ ರಾತ್ರಿ ಬೇಗ ಮಲಗಿದರೆ ಸಾಲದೆ?" ಎಂದು ಕೇಳುತ್ತಾನೆ. ಅವಳಿಗೆ ಈಗ ಹಾಳೆಯ ಮೂರನೆಯ ಟಿಪ್ಪಣಿ ಬೇಕಾಗುತ್ತದೆ: "ಮಲಗಬಹುದು, ಆದರೆ ನಿದ್ರೆ ಬರುವುದಿಲ್ಲ, ಏಕೆಂದರೆ..." ಈ "ಏಕೆಂದರೆ" ಎಂಬುದರ ಮುಂದಿನ ವಾಕ್ಯ ಯಾವ ಪುಟದಲ್ಲೂ ಇರಲಿಲ್ಲ. ಇಡೀ ಯೋಜನೆ ನಡೆದದ್ದು ಆ ಒಂದು ವಾಕ್ಯ ಹುಟ್ಟಲಿ ಎಂದೇ.

ಉತ್ಪಾದನೆಗೆ ವಾಕ್ಯದ ಚೌಕಟ್ಟುಗಳನ್ನು ಕೊಡಿ. "ನೀವು ಹೇಳುವುದು ನಿಜ, ಆದರೂ...", "ಇದಕ್ಕೆ ಆಧಾರವೇನು?", "ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?", "ಹಾಗಾದರೆ ನಾವೆಲ್ಲ ಒಪ್ಪುವುದು ಏನೆಂದರೆ..." ಇಂಥ ಎಂಟು ಹತ್ತು ಮಾತುಗಳನ್ನು ಕಲಿಯುತ್ತಿರುವ ಭಾಷೆಯಲ್ಲಿ ಬರೆದ ಒಂದು ಚೀಟಿ ಪ್ರತಿ ಮೇಜಿನ ಮೇಲೂ ಇರಲಿ. ಎರಡನೆಯ ವೆಬ್‌ಕ್ವೆಸ್ಟಿಗೆ ಚೀಟಿಯಲ್ಲಿ ಅರ್ಧವನ್ನು ತೆಗೆಯಿರಿ. ತೆಗೆಯದ ಆಸರೆ ಕೊನೆಗೆ ಊರುಗೋಲಾಗಿಬಿಡುತ್ತದೆ.

ಅನುವಾದ ಸಾಧನಗಳು ಮತ್ತು ಕೃತಕ ಬುದ್ಧಿಮತ್ತೆ

ಇಡೀ ಪುಟವನ್ನು ಒಂದು ಗುಂಡಿ ಒತ್ತಿ ಮನೆಮಾತಿಗೆ ತಿರುಗಿಸಬಹುದಾದ ಕಾಲದಲ್ಲಿ, ಶಿಫಾರಸು ಪತ್ರವನ್ನು ಚಾಟ್‌ಬಾಟ್ ಕ್ಷಣದಲ್ಲಿ ಬರೆದುಕೊಡುವ ಕಾಲದಲ್ಲಿ ಈ ವಿಧಾನ ಉಳಿಯುತ್ತದೆಯೆ ಎಂಬ ಪ್ರಶ್ನೆ ನ್ಯಾಯವಾದದ್ದು. ನಿಷೇಧದಿಂದ ಹೆಚ್ಚು ಸಾಧ್ಯವಾಗದು. ಉತ್ತರ ಕಾರ್ಯದ ವಿನ್ಯಾಸದಲ್ಲಿರಬೇಕು. ಪದದ ಅಥವಾ ನುಡಿಗಟ್ಟಿನ ಅರ್ಥ ನೋಡಲು ಸಾಧನ ಬಳಸಬಹುದು, ಪ್ಯಾರಾ ಅಥವಾ ಪುಟಕ್ಕೆ ಬಳಸುವಂತಿಲ್ಲ ಎಂಬ ಸ್ಪಷ್ಟ ಗೆರೆ ಎಳೆಯಿರಿ. ಪರದೆ ಮುಚ್ಚಿ ಮಾತನಾಡುವ ಹಂತವನ್ನು ಎಂದಿಗೂ ಬಿಡಬೇಡಿ. ಪತ್ರದ ಮೊದಲ ಕರಡನ್ನು ತರಗತಿಯಲ್ಲಿಯೇ, ಕೈಬರಹದಲ್ಲಿ ಬರೆಸಿ. ಪತ್ರದ ಜೊತೆಗೆ "ಸಮಿತಿಯ ಚರ್ಚೆಯಲ್ಲಿ ಯಾರ ಯಾವ ಮಾತಿನಿಂದ ನಿಮ್ಮ ಅಭಿಪ್ರಾಯ ಬದಲಾಯಿತು ಅಥವಾ ಗಟ್ಟಿಯಾಯಿತು?" ಎಂಬ ಪ್ರಶ್ನೆಗೆ ಐದು ವಾಕ್ಯದ ಉತ್ತರವನ್ನು ಪ್ರತಿಯೊಬ್ಬರಿಂದ ಕೇಳಿ. ಆ ಮೇಜಿನ ಸುತ್ತ ಕುಳಿತಿರದ ಯಾವ ಯಂತ್ರಕ್ಕೂ ಇದರ ಉತ್ತರ ತಿಳಿದಿರುವುದಿಲ್ಲ.

ಮನೆಮಾತಿನ ಬಳಕೆಯ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಒಂದೇ ಪಾತ್ರದವರು ಕುಳಿತು ಓದುವಾಗ, ಅರ್ಥ ಖಚಿತಪಡಿಸಿಕೊಳ್ಳುವಾಗ ಮನೆಮಾತು ಬಂದರೆ ತಡೆಯಬೇಡಿ. ತಡೆದರೆ ಮೊದಲು ಬಾಯಿ ಮುಚ್ಚುವವರು ಹಿಂದುಳಿದವರೇ. ಸಮಿತಿಯ ಸಭೆ ಮತ್ತು ಪತ್ರ ಮಾತ್ರ ಕಲಿಯುತ್ತಿರುವ ಭಾಷೆಯಲ್ಲಿರಲಿ.

ಆರನೆಯ ಹೆಜ್ಜೆ: ಅವಧಿಗಳನ್ನು ಯೋಜಿಸಿ, ವ್ಯಾಕರಣಕ್ಕೆ ಜಾಗ ಮಾಡಿ

ನಮ್ಮ ಉದಾಹರಣೆಗೆ 45 ನಿಮಿಷದ ಐದು ಅವಧಿಗಳು ಬೇಕಾಗುತ್ತವೆ. ಮೊದಲನೆಯದರಲ್ಲಿ ಪೀಠಿಕೆ, ಪದಗಳು, ಪಾತ್ರಗಳ ಹಂಚಿಕೆ, ಮೌಲ್ಯಮಾಪನದ ಮಾನದಂಡ, ಎರಡನೆಯದರಲ್ಲಿ ಪಾತ್ರದ ಗುಂಪುಗಳ ಓದು ಮತ್ತು ಟಿಪ್ಪಣಿ, ಮೂರನೆಯದರಲ್ಲಿ ಸಮಿತಿಗಳ ಚರ್ಚೆ, ನಾಲ್ಕನೆಯದರಲ್ಲಿ ಪತ್ರ, ಐದನೆಯದರಲ್ಲಿ ಸಮಿತಿಗಳ ವರದಿ ಮತ್ತು ಭಾಷಾಂಶಗಳ ಚರ್ಚೆ. ನೀವೇ ಒಮ್ಮೆ ವಿದ್ಯಾರ್ಥಿಯಂತೆ ಕುಳಿತು ಎಲ್ಲವನ್ನೂ ಮಾಡಿ ನೋಡಿ. ನಿಮಗೆ ಹತ್ತು ನಿಮಿಷ ಹಿಡಿದ ಓದಿಗೆ ಅವರಿಗೆ ಅರ್ಧ ಗಂಟೆಯಾದರೂ ಬೇಕಾಗಬಹುದು.

ಅರ್ಥದ ಕಡೆಗೇ ಗಮನ ಕೊಟ್ಟರೆ ರೂಪದ ತಪ್ಪುಗಳು ಹಾಗೆಯೇ ಉಳಿಯುತ್ತವೆ ಎಂಬ ಆತಂಕಕ್ಕೆ ಆಧಾರವಿದೆ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ಅಧ್ಯಯನ ಮಾಡಿದ ಮೆರಿಲ್ ಸ್ವೈನ್, ಅವರ ಗ್ರಹಿಕೆ ಉತ್ತಮವಾಗಿದ್ದರೂ ಮಾತು ಬರಹಗಳಲ್ಲಿ ವ್ಯಾಕರಣದ ನಿಖರತೆ ಹಿಂದುಳಿದಿರುವುದನ್ನು ಕಂಡು, ಭಾಷೆಯನ್ನು ಉತ್ಪಾದಿಸುವಂತೆ ಒತ್ತಾಯಿಸುವ ಸನ್ನಿವೇಶಗಳು ಅಗತ್ಯ ಎಂದು 1985ರಲ್ಲಿ ವಾದಿಸಿದರು. ವೆಬ್‌ಕ್ವೆಸ್ಟ್ ಅಂಥ ಸನ್ನಿವೇಶವನ್ನು ಕೊಡುತ್ತದೆ, ಆದರೆ ತಿದ್ದುವ ಕೆಲಸ ಶಿಕ್ಷಕರದೇ. ಚರ್ಚೆ ನಡೆಯುವಾಗ ಮಧ್ಯೆ ಬಾಯಿ ಹಾಕಬೇಡಿ. ಮೇಜಿನಿಂದ ಮೇಜಿಗೆ ಹೋಗುತ್ತ, ಕಿವಿಗೆ ಬಿದ್ದ ವಾಕ್ಯಗಳನ್ನು ಬರೆದುಕೊಳ್ಳಿ. ಐದನೆಯ ಅವಧಿಯಲ್ಲಿ ಅವುಗಳಿಂದ ಆರನ್ನು, ಹೇಳಿದವರ ಹೆಸರಿಲ್ಲದೆ, ಹಲಗೆಯ ಮೇಲೆ ಬರೆದು, ಜೋಡಿಗಳಲ್ಲಿ ಸರಿಪಡಿಸಲು ಹೇಳಿ. ಆರರಲ್ಲಿ ಎರಡು ಸರಿಯಾದ, ಸೊಗಸಾದ ವಾಕ್ಯಗಳಿರಲಿ. ತಾವು ಹೇಳಬೇಕೆಂದು ಒದ್ದಾಡಿದ ಮಾತಿನ ಸರಿಯಾದ ರೂಪ ಆಗ ಸಿಕ್ಕಿದರೆ ಅದು ಮನಸ್ಸಿನಲ್ಲಿ ನಿಲ್ಲುವಷ್ಟು ಅಭ್ಯಾಸ ಪುಸ್ತಕದ ವಾಕ್ಯ ನಿಲ್ಲುವುದಿಲ್ಲ.

ಏಳನೆಯ ಹೆಜ್ಜೆ: ಮೌಲ್ಯಮಾಪನ

ಮಾನದಂಡಗಳನ್ನು ಕೆಲಸ ಆರಂಭವಾಗುವ ಮುಂಚೆಯೇ, ವಿದ್ಯಾರ್ಥಿಗಳಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಿ. ನಾಲ್ಕು ಸಾಕು: ಆಕರಗಳ ಬಳಕೆ, ಗುಂಪಿಗೆ ಮಾಹಿತಿ ತಲುಪಿಸಿದ ಬಗೆ, ಪತ್ರದ ವಾದ, ಭಾಷೆಯ ನಿಖರತೆ. "ಉತ್ತಮ", "ಸಾಧಾರಣ" ಎಂಬ ಪದಗಳಿಂದ ಯಾರಿಗೂ ಏನೂ ತಿಳಿಯದು. ಅದರ ಬದಲು ಕಾಣುವ ಕೆಲಸವನ್ನು ಬರೆಯಿರಿ: "ಎರಡು ಆಕರಗಳಿಂದ ಮಾಹಿತಿ ತಂದು, ಎಲ್ಲಿಂದ ತಂದದ್ದೆಂದು ಹೇಳಿದ್ದಾಳೆ" ಎಂಬುದು ಮೇಲಿನ ಮಟ್ಟ, "ಮಾಹಿತಿ ಇದೆ, ಎಲ್ಲಿಂದ ಬಂತೆಂದು ಹೇಳಿಲ್ಲ" ಎಂಬುದು ಅದರ ಕೆಳಗಿನದು. ನಿಖರತೆಗೆ ಒಟ್ಟು ಅಂಕಗಳ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಕೊಡಬಾರದೆಂಬುದು ನನ್ನ ನಿಲುವು; ಹೆಚ್ಚಾದರೆ ವಿದ್ಯಾರ್ಥಿಗಳು ತಪ್ಪಾಗದ ಚಿಕ್ಕ ವಾಕ್ಯಗಳ ಮರೆಯಲ್ಲಿ ಅಡಗಿಕೊಳ್ಳುತ್ತಾರೆ. ಪತ್ರಕ್ಕೆ ಗುಂಪಿನ ಅಂಕ, ಟಿಪ್ಪಣಿ ಹಾಳೆಗೂ ಐದು ವಾಕ್ಯದ ಉತ್ತರಕ್ಕೂ ವೈಯಕ್ತಿಕ ಅಂಕ ಕೊಟ್ಟರೆ ದುಡಿದವರಿಗೂ ದುಡಿಯದವರಿಗೂ ನ್ಯಾಯ ಸಿಗುತ್ತದೆ.

ಕೊನೆಯ ಕೆಲಸ: ಪುಟ ಕಟ್ಟುವುದು

ಎಲ್ಲವೂ ಸಿದ್ಧವಾದ ಮೇಲೆ ಪೀಠಿಕೆ ಬರೆಯಿರಿ. ವಿದ್ಯಾರ್ಥಿಯನ್ನು ನೇರವಾಗಿ ಸನ್ನಿವೇಶದೊಳಗೆ ಕರೆಯುವ ನಾಲ್ಕೈದು ವಾಕ್ಯ ಸಾಕು. ಸಮಾರೋಪದಲ್ಲಿ ಇದೇ ವಿಷಯದ ಮುಂದಿನ ಒಂದು ಪ್ರಶ್ನೆಯನ್ನು ಇಟ್ಟರಾಯಿತು. ಪುಟಕ್ಕೆ ಗೂಗಲ್ ಸೈಟ್ಸ್ ಅಥವಾ ಹಂಚಿಕೊಳ್ಳಬಹುದಾದ ಒಂದು ಗೂಗಲ್ ಡಾಕ್ ಧಾರಾಳವಾಗಿ ಸಾಕು. ವಾಕ್ಯಗಳು ಚಿಕ್ಕದಾಗಿರಲಿ, ಸೂಚನೆಗಳು ಸಹ ಕಲಿಯುತ್ತಿರುವ ಭಾಷೆಯ ಓದೇ ಎಂಬುದು ನೆನಪಿರಲಿ. ಶಿಕ್ಷಕರಿಗೆಂದೇ ಪ್ರತ್ಯೇಕ ಪುಟವೊಂದನ್ನು ಇಟ್ಟು, ಅದರಲ್ಲಿ ಭಾಷಾ ಗುರಿ, ಮಟ್ಟ, ಲಿಂಕುಗಳನ್ನು ಪರಿಶೀಲಿಸಿದ ದಿನಾಂಕ, ಯಾವ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಮತ್ತು ಹಲಗೆಯ ಮೇಲೆ ಬರೆದ ಆರು ವಾಕ್ಯಗಳನ್ನು ದಾಖಲಿಸಿ. ಮುಂದಿನ ವರ್ಷ ಅದೇ ವೆಬ್‌ಕ್ವೆಸ್ಟನ್ನು ನಡೆಸುವಾಗ ವಾಕ್ಯದ ಚೀಟಿಯಲ್ಲಿ ಏನಿರಬೇಕೆಂಬುದನ್ನು ಆ ಆರು ವಾಕ್ಯಗಳೇ ತಿಳಿಸುತ್ತವೆ.